ಸಿಗ್ನಲ್ಲಿಗೆ ಚಕ್ಕುಬಂದಿ

ಭೂಮಿಯ ಮೇಲಿರುವ ಯಾವುದಕ್ಕೇ ಆಗಲಿ ಚಕ್ಕುಬಂದಿ, ಅಂದರೆ ನಾಲ್ಕು ಎಲ್ಲೆಗಳು, ಇದ್ದೇ ಇರುತ್ತವೆ, ಎಲ್ಲೆ ಇದ್ದದ್ದನ್ನು ಅಳೆಯಬಹುದು, ಅಳೆದದ್ದನ್ನು ಹುಡುಕಬಹುದು ಎಂಬುದು ಹದಿನಾರು ಎಂಬ ಹೆಸರಿನ ಊರಿನ ಸರ್ವೆ ಚನ್ನಯ್ಯನ ಸಿದ್ಧಾಂತ. ಇದನ್ನು ಅವನು ಪುಸ್ತಕದಲ್ಲಿ ಓದಿ ಕಲಿತದ್ದಲ್ಲ. ತಿ. ನರಸೀಪುರದ ಸರ್ವೆ ಕಚೇರಿಯಲ್ಲಿ ಮೂವತ್ತೆರಡು ವರ್ಷ ಅಳತೆಯ ಸರಪಳಿ ಎಳೆದು ಕಲಿತದ್ದು. ಅವನು ಸರಪಳಿ ಎಳೆಯುವಾಗ ಪಕ್ಕದ ನೆರಳಿನಲ್ಲಿ ಸರ್ವೆಯರ್ ಎಂಬ ಇನ್ನೊಬ್ಬ ಮನುಷ್ಯ ನಿಂತು ಲೆಕ್ಕ ಬರೆದುಕೊಳ್ಳುತ್ತಿದ್ದ ಎಂಬ ಸಂಗತಿಯನ್ನು ಚನ್ನಯ್ಯ ಊರಿನಲ್ಲಿ ಒತ್ತಿ ಹೇಳಲಿಲ್ಲ. ಊರಿನವರೂ ಕೆದಕಿ ಕೇಳಲಿಲ್ಲ. ಹೀಗಾಗಿ ನಿವೃತ್ತಿಯ ಹೊತ್ತಿಗೆ ಚೈನ್‌ಮನ್ ಚನ್ನಯ್ಯ ಯಾವ ಸರ್ಕಾರಿ ಆದೇಶವೂ ಇಲ್ಲದೆ ಬಡ್ತಿ ಪಡೆದು ಸರ್ವೆ ಚನ್ನಯ್ಯನಾಗಿಬಿಟ್ಟಿದ್ದ.

ಎರಡು ಸಾವಿರದ ಒಂಬತ್ತನೇ ಇಸವಿಯ ಜೂನ್ ತಿಂಗಳಲ್ಲಿ ಈ ಚನ್ನಯ್ಯನ ಮನೆಗೆ ಇಂಟರ್‌ನೆಟ್ ಬಂತು. ಟೆಲಿಫೋನ್ ಎಕ್ಸ್‌ಚೇಂಜಿನಿಂದ ಬಂದ ಮನುಷ್ಯ ಎರಡು ಕಿವಿ ನಿಗುರಿಸಿಕೊಂಡ ಕಪ್ಪು ಪೆಟ್ಟಿಗೆಯೊಂದನ್ನು ಮೇಜಿನ ಮೇಲಿಟ್ಟು, ಪಾಸ್‌ವರ್ಡನ್ನು ಕ್ಯಾಲೆಂಡರಿನ ಹಿಂದೆ ಬರೆದು, ಕಾಫಿ ಕುಡಿದು ಹೋದ. ಅವನ ಮೋಟಾರ್‌ಬೈಕು ಬೀದಿ ತಿರುಗುವುದರೊಳಗೆ ಚನ್ನಯ್ಯ ಮರಿಸ್ವಾಮಿಯ ಟೀ ಅಂಗಡಿಯ ಬೆಂಚಿನ ಮೇಲಿದ್ದ.

"ತಂತಿಯೇ ಇಲ್ಲ ಕಣ್ರಪ್ಪಾ. ಗಾಳೀಲೇ ಬತ್ತದೆ," ಎಂದ.

ಮರಿಸ್ವಾಮಿ ಟೀ ಎತ್ತಿ ಹುಯ್ಯುವುದನ್ನು ನಿಲ್ಲಿಸಿದ. "ಗಾಳೀಲಿ ಬರೋದಾದ್ರೆ ನಮ್ಮನೆಗೂ ಬತ್ತದಾ?"

"ಬರಾಕಿಲ್ಲ. ಅದಕ್ಕೆ ನಮ್ಮನೆ ಅಡ್ರೆಸ್ ಕೊಟ್ಟೀವ್ನಿ."

ಅಂಗಡಿಯಲ್ಲಿದ್ದವರಿಗೆ ಈ ಉತ್ತರ ನ್ಯಾಯವಾಗಿಯೇ ಕಂಡಿತು. ಕಾಗದಕ್ಕೆ ವಿಳಾಸ ಇರುವಂತೆ ಗಾಳಿಗೂ ಇರಬಹುದು. ಆದರೆ ಚನ್ನಯ್ಯ ಟೀ ಕುಡಿದು ಮನೆಗೆ ಬರುವಷ್ಟರಲ್ಲಿ ಮೇಜಿನ ಮೇಲೆ ಪೆಟ್ಟಿಗೆ ಇರಲಿಲ್ಲ. ಅವನ ಹೆಂಡತಿ ಗೋವಿಂದಮ್ಮ ಅದನ್ನು ಬೀರುವಿನೊಳಗೆ ಇಟ್ಟಿದ್ದಳು.

ಗೋವಿಂದಮ್ಮನ ಸಂಸಾರದಲ್ಲಿ ಬೆಲೆಯುಳ್ಳದ್ದು ಎಂದು ಯಾವುದಕ್ಕೆ ಹೆಸರು ಬಂತೋ ಅದು ಅಂದೇ ಕಬ್ಬಿಣದ ಬೀರು ಸೇರುತ್ತಿತ್ತು. ಮಿಕ್ಸಿಯ ಚಿಕ್ಕ ಜಾರು, ಸ್ಟೀಲಿನ ಹೊಸ ಲೋಟಗಳು, ಮಗಳ ಪದವಿ ಪತ್ರ, ಚನ್ನಯ್ಯನ ಏಳನೇ ಕ್ಲಾಸಿನ ಅಂಕಪಟ್ಟಿ ಎಲ್ಲವೂ ಅಲ್ಲಿದ್ದವು. ಅಂಕಪಟ್ಟಿಯನ್ನು ಇಟ್ಟದ್ದು ಅಂಕಗಳಿಗಾಗಿ ಅಲ್ಲ, ಅದಕ್ಕೆ ಮಾಡಿಸಿದ್ದ ಲ್ಯಾಮಿನೇಷನ್ನಿಗಾಗಿ. ಈಗ ಬೀದಿಯ ಹೆಂಗಸರು ಒಬ್ಬೊಬ್ಬರೇ ಬಂದು ಮಿಣುಕುವ ಪೆಟ್ಟಿಗೆಯನ್ನು ನೋಡಿ 'ಅಯ್ಯೋ ಎಷ್ಟು ಚೆಂದಾಗದೆ' ಎನ್ನತೊಡಗಿದ ಮೇಲೆ ಅವಳಿಗೆ ಇನ್ನು ಯೋಚಿಸುವುದೇನೂ ಉಳಿಯಲಿಲ್ಲ.

"ಅದನ್ನ ಅಲ್ಲಿಟ್ರೆ ಎಂಗಮ್ಮಿ ಬಂದದು?" ಎಂದು ಚನ್ನಯ್ಯ ಕೇಳಿದ.

"ತಂತಿ ಬ್ಯಾಡ ಅಂತ ಊರೆಲ್ಲ ಸಾರ್ಕೊಂಡು ಬಂದೋರು ನೀವೇಯ. ತಂತಿಯೇ ಬ್ಯಾಡ ಅಂದ್ಮೇಲೆ ಬೀರೂಲಿದ್ರೇನು, ಬಯಲಲ್ಲಿದ್ರೇನು?"

ನಿಜ ಹೇಳಬೇಕೆಂದರೆ ಅವನಿಗೂ ಅದು ಸರಿ ಅನ್ನಿಸಿತು. ಕರೆಂಟಿನ ವೈರು ಮತ್ತು ಫೋನಿನ ವೈರು ಒಳಗೆ ಹೋಗಲೆಂದು ಬೀರುವಿನ ಪಕ್ಕಕ್ಕೆ, ಕಿಟಕಿಯ ಕಡೆಗೆ, ಉಳಿ ಸುತ್ತಿಗೆ ಹಿಡಿದು ತಾನೇ ಅಂಗೈ ಅಗಲದ ತೂತು ಕೊರೆದುಕೊಟ್ಟ. ಗೋವಿಂದಮ್ಮ ಬಾಗಿಲು ಹಾಕಿ, ಬೀಗ ತಿರುಗಿಸಿ, ಬೀಗದ ಕೈಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡಳು. ಎರಡು ದಿನದ ಮೇಲೆ ಆ ಸೊಂಟವೂ ಬೀಗದ ಕೈಯೂ ತಂಗಿಯ ಮಗಳ ಸೀಮಂತಕ್ಕೆಂದು ಸೋಮನಾಥಪುರಕ್ಕೆ ಹೋದವು.

ಇಂಟರ್‌ನೆಟ್ ತರಿಸಿದ್ದು ಜಂಬಕ್ಕೆ ಮಾತ್ರವಲ್ಲ. ಚನ್ನಯ್ಯನ ಒಬ್ಬಳೇ ಮಗಳು ಸಂಘಮಿತ್ರಾ ರಾಯಚೂರು ಸೀಮೆಯ ಒಂದು ಹಳ್ಳಿಯಲ್ಲಿ ಆರು ವರ್ಷದಿಂದ ಪ್ರೈಮರಿ ಸ್ಕೂಲ್ ಟೀಚರು. ಗಂಡ ನಾಗೇಂದ್ರ ನಂಜನಗೂಡಿನ ಬಸ್ ಡಿಪೋದಲ್ಲಿ ಮೆಕ್ಯಾನಿಕ್ಕು. ನಾಲ್ಕು ವರ್ಷದ ಮಗಳು ಬಿಂದುಶ್ರೀ ಹದಿನಾರಿನಲ್ಲಿ ಅಜ್ಜಿಯ ಹತ್ತಿರ. ಫೋನಿನಲ್ಲಿ ಎಲ್ಲರೂ ಅವಳ ತಾಯಿಯನ್ನು 'ಮಿಸ್ಸು' ಎನ್ನುತ್ತಿದ್ದುದರಿಂದ ಮಗುವೂ ಹೆತ್ತ ತಾಯಿಯನ್ನು ಮಿಸ್ಸು ಎಂದೇ ಕರೆಯುತ್ತಿತ್ತು. ಬೀದಿಯವರು ಇದನ್ನು ಕೇಳಿ ನಗುತ್ತಿದ್ದರು. ಸಂಘಮಿತ್ರಾಳೂ ಅವರ ಜೊತೆ ನಕ್ಕು, ಆಮೇಲೆ ಬಚ್ಚಲುಮನೆಗೆ ಹೋಗಿ ಮುಖ ತೊಳೆದುಕೊಂಡು ಬರುತ್ತಿದ್ದಳು.

ಆ ವರ್ಷ ವರ್ಗಾವಣೆಗೆ ಅವಳ ಸರದಿ ಬಂದಿತ್ತು. ಯಾವ ಶಾಲೆ ಬೇಕೆಂಬುದನ್ನು ಕಂಪ್ಯೂಟರಿನಲ್ಲಿಯೇ ಗುರುತು ಮಾಡಿ ಕಳಿಸಬೇಕಿತ್ತು. ಕವಲಂದೆಯಲ್ಲಿ ಒಂದು ಜಾಗ ಖಾಲಿ ಇದೆ ಎಂದು ಸುದ್ದಿಯಿತ್ತು. ಸರದಿಯ ಗಡುವು ಶನಿವಾರ ಸಂಜೆ ಐದಕ್ಕೆ ಮುಗಿಯುತ್ತಿತ್ತು. ತಪ್ಪಿದರೆ ಇನ್ನು ಮೂರು ವರ್ಷ ರಾಯಚೂರೇ. ರಜೆ ಹಾಕಿ, ತಾನು ಹೊಸದಾಗಿ ಕೊಂಡ ಲ್ಯಾಪ್‌ಟಾಪನ್ನು ತೊಡೆಯ ಮೇಲಿಟ್ಟುಕೊಂಡು, ರಾತ್ರಿಯಿಡೀ ರೈಲಿನಲ್ಲಿ ಕೂತು ಅವಳು ಶುಕ್ರವಾರ ಊರು ಸೇರಿದಳು.

ಶನಿವಾರ ಬೆಳಿಗ್ಗೆ ಸಂಘಮಿತ್ರಾ ಸೀರೆ ಉಟ್ಟು ರೆಡಿಯಾಗಿ, "ಅಪ್ಪ, ಹತ್ತೂವರೆ ಬಸ್ಸಿಗೆ ನಂಜನಗೂಡಿಗೆ ಹೋಗ್ಬಿಡ್ತೀನಿ. ರವಿಕುಮಾರನ ಸೈಬರ್‌ನಲ್ಲಿ ಅರ್ಧ ಗಂಟೆ ಕೆಲಸ," ಎಂದಳು.

ಚನ್ನಯ್ಯನಿಗೆ ಎದೆಗೆ ಒದ್ದಂತಾಯಿತು. ಇಡೀ ಊರಿಗೆ ಗಾಳಿಯ ಇಂಟರ್‌ನೆಟ್ಟಿನ ವರ್ಣನೆ ಮಾಡಿ, ಈಗ ಮಗಳು ಸೈಬರಿಗೆ ಹೋಗಲು ಮರಿಸ್ವಾಮಿಯ ಅಂಗಡಿಯ ಮುಂದೆಯೇ ಬಸ್ಸು ಹತ್ತುವುದೆಂದರೆ ಏನು?

"ಮನೇಲಿ ಬಾವಿ ತೋಡ್ಸಿ, ನೀರಿಗೆ ಪಕ್ಕದೂರಿಗೆ ಓಗ್ತಾರೇನವ್ವ? ಕೂತ್ಕ. ಇಲ್ಲೇ ಮಾಡು," ಎಂದ.

ಹತ್ತೂವರೆ ಬಸ್ಸು ಹೋಯಿತು. ಸಂಘಮಿತ್ರಾ ಲ್ಯಾಪ್‌ಟಾಪು ತೆರೆದಳು. ಯಾವ ನೆಟ್‌ವರ್ಕೂ ಸಿಗುತ್ತಿಲ್ಲ ಎಂದು ಅದು ತಿಳಿಸಿತು. ನಡುಮನೆಯಲ್ಲಿ ಕೂತು ನೋಡಿದಳು, ಅಡುಗೆಮನೆಯಲ್ಲಿ ನಿಂತು ನೋಡಿದಳು, ಬೀರುವಿಗೆ ಬೆನ್ನು ಒರಗಿಸಿ ನೋಡಿದಳು. ಬೀರುವಿನ ಹತ್ತಿರ ಮಾತ್ರ ಸಿಗ್ನಲ್ಲಿನ ಒಂದೇ ಒಂದು ಕಡ್ಡಿ ಎದ್ದು, ಇವಳ ಮುಖ ನೋಡಿ, ಮತ್ತೆ ಮಲಗಿತು.

ಹನ್ನೊಂದು ಗಂಟೆಗೆ ಚನ್ನಯ್ಯ ಕಂಪನಿಯ ಸಹಾಯವಾಣಿಗೆ ಫೋನು ಹಚ್ಚಿದ. ಅರ್ಧ ಗಂಟೆ ವೀಣೆ ಕೇಳಿಸಿದ ಮೇಲೆ ಒಬ್ಬ ಹುಡುಗಿ ಬಂದಳು.

"ಸರ್, ನಿಮ್ಮ ಸಮಸ್ಯೆ ನಮಗೆ ಅರ್ಥ ಆಗುತ್ತೆ. ಮೊದಲು ರೂಟರ್ ಆಫ್ ಮಾಡಿ ಆನ್ ಮಾಡಿ."

"ಮನೆ ಮೈನ್ ಸ್ವಿಚ್ಚೇ ತೆಗ್ದು ಆಕ್ದೆ ಮೇಡಂ. ಬರ್ನಿಲ್ಲ."

"ರೂಟರ್ ಮೇಲೆ ಯಾವ ಲೈಟ್ ಉರೀತಾ ಇದೆ ಸರ್?"

ಚನ್ನಯ್ಯ ಟಾರ್ಚು ತಂದು ಬೀರುವಿನ ತೂತಿಗೆ ಕಣ್ಣಿಟ್ಟ. "ಅಸಿರು ಕಾಣ್ತದೆ ಮೇಡಂ."

"ಹಸಿರು ಇದ್ದರೆ ಸರಿಯಾಗಿದೆ ಸರ್. ಬ್ಲಿಂಕ್ ಆಗ್ತಾ ಇದೆಯಾ?"

ಚನ್ನಯ್ಯ ಇನ್ನೊಮ್ಮೆ ಸಾವಧಾನವಾಗಿ ನೋಡಿದ. "ಇಲ್ಲ ಮೇಡಂ. ಅಂಚೂ ಅದೆ. ನಮ್ಮನೆಯವರ ಸೀರೆ ಇರ್ಬೇಕು."

"ಸರ್, ರೂಟರ್ ಎಲ್ಲಿಟ್ಟಿದೀರಾ?"

"ಭದ್ರವಾಗಿಟ್ಟಿದೀವಿ ಮೇಡಂ. ಬೀರೂಲಿ."

"ಕಬ್ಬಿಣದ ಬೀರುನಾ?"

"ಒಳ್ಳೇ ದಪ್ಪ ಗೇಜು ಮೇಡಂ. ಮದುವೇಲಿ ಕೊಟ್ಟದ್ದು."

ಹುಡುಗಿ ತನ್ನ ಕಾಗದದಲ್ಲಿ ಬರೆದುಕೊಟ್ಟಿದ್ದ ಭಾಷೆಯನ್ನು ಬಿಟ್ಟು ಮನೆಯ ಮಾತಿಗೆ ಇಳಿದಳು. "ಅಯ್ಯೋ ಸರ್, ಕಬ್ಬಿಣದೊಳಗಿಂದ ಸಿಗ್ನಲ್ ಆಚೆ ಬರಲ್ಲ. ಹೊರಗೆ ತೆಗೀರಿ. ಇಲ್ಲಾ ಕೇಬಲ್ ಹಾಕಿ."

ಕೇಬಲ್ಲೂ ಬೀರುವಿನೊಳಗೇ, ತೂತಿನಿಂದ ಕೈಗೆಟುಕದ ಮೂಲೆಯಲ್ಲಿ ಇತ್ತು. ಅದು ಹೊಸದಾಗಿದ್ದುದರಿಂದ ಬೆಲೆಯುಳ್ಳದ್ದು ಎನಿಸಿಕೊಂಡಿತ್ತು. ಚನ್ನಯ್ಯ ಸೋಮನಾಥಪುರಕ್ಕೆ ಫೋನು ಮಾಡಿದ.

"ಬೀಗದ್ಕೈ ನನ್ನ ಸೊಂಟದಲ್ಲದೆ," ಎಂದಳು ಗೋವಿಂದಮ್ಮ. "ಯಾರ ಕೈಲೂ ಕೊಟ್ಟು ಕಳ್ಸಾಕಿಲ್ಲ. ಬೀಗ ಒಡ್ದೀರಾ ಜ್ವಾಕೆ. ನಾನೇ ಬತ್ತೀನಿ, ಆರತಿ ಆಗ್ಲಿ." ಮಗಳ ವಿಷಯ ಕೇಳಿದ ಮೇಲೆ ಅವಳ ದನಿ ಇಳಿಯಿತು. ಬೀಗ ಒಡೆಯಲು ಮಾತ್ರ ಒಪ್ಪದೆ, ಆರತಿ ಬಿಟ್ಟೇ ಹೊರಡುತ್ತೇನೆ ಎಂದಳು. ಆದರೆ ಸೋಮನಾಥಪುರದಿಂದ ನರಸೀಪುರಕ್ಕೆ ಮೂರು ಗಂಟೆಯವರೆಗೆ ಬಸ್ಸಿರಲಿಲ್ಲ, ಅಲ್ಲಿಂದ ಮತ್ತೊಂದು ಬಸ್ಸು, ಎಷ್ಟು ಹಾರಿ ಬಂದರೂ ಐದರ ಮೇಲಾಗುತ್ತಿತ್ತು.

ಸಂಘಮಿತ್ರಾ ಸೈಬರಿನ ರವಿಕುಮಾರನಿಗೆ ಫೋನು ಮಾಡಿದಳು. ಹನ್ನೆರಡರಿಂದ ಆರರವರೆಗೆ ಟೌನಿನಲ್ಲಿ ಲೈನ್ ಕೆಲಸ, ಕರೆಂಟಿಲ್ಲ ಎಂದ ಅವನು. "ಹತ್ತೂವರೆ ಬಸ್ಸಿಗೆ ಬಂದಿದ್ರೆ ಆಗೋಗಿರೋದು ಮೇಡಂ," ಎಂದೂ ಸೇರಿಸಿದ. ಅವಳು ಅಪ್ಪನ ಕಡೆ ಒಮ್ಮೆ ನೋಡಿ ಲ್ಯಾಪ್‌ಟಾಪು ಮುಚ್ಚಿದಳು. ಚನ್ನಯ್ಯನಿಗೆ ಬೈಸಿಕೊಂಡಿದ್ದರೇ ಮೇಲಾಗಿತ್ತು ಅನ್ನಿಸಿತು.

ಇಂಥ ಹೊತ್ತಿನಲ್ಲಿ ಬೇರೆ ಯಾರಾದರೂ ತಲೆಯ ಮೇಲೆ ಕೈ ಹೊತ್ತು ಕೂರುತ್ತಿದ್ದರು. ಚನ್ನಯ್ಯನನ್ನು ಮಾತ್ರ ಒಂದು ಕುತೂಹಲ ಹಿಡಿಯಿತು. ಕಬ್ಬಿಣದಿಂದ ಆಚೆ ಬರುವುದಿಲ್ಲ ಎಂದಳು ಹುಡುಗಿ. ಆದರೆ ತೂತು ಇದೆಯಲ್ಲ? ಮನೆಯಲ್ಲಿ ಇಲ್ಲ ಎಂದಮೇಲೆ ತೂತಿನಿಂದ ಹೊರಟದ್ದು ಹೋಗುತ್ತಿರುವುದಾದರೂ ಎಲ್ಲಿಗೆ? ಮೂವತ್ತೆರಡು ವರ್ಷ ಅವನು ಕಣ್ಣಿಗೆ ಕಾಣದ ಗೆರೆಗಳನ್ನೇ ಹುಡುಕಿದವನು.

"ಏಳವ್ವ. ಅದಕ್ಕೂ ಒಂದು ಎಲ್ಲೆ ಇರ್ತದೆ. ಅಳ್ದೇ ಬುಡಾಣ," ಎಂದು ಅಟ್ಟದಿಂದ ತನ್ನ ಹಳೆಯ ಸರಪಳಿಯನ್ನು ಇಳಿಸಿದ.

ಹದಿನಾರಿನ ಬೀದಿಯಲ್ಲಿ ಅಂದು ಕಂಡ ದೃಶ್ಯ ಹೀಗಿತ್ತು. ಮುಂದೆ ಸಂಘಮಿತ್ರಾ, ಎರಡೂ ಕೈಯಲ್ಲಿ ತೆರೆದ ಲ್ಯಾಪ್‌ಟಾಪನ್ನು ಆರತಿ ತಟ್ಟೆಯಂತೆ ಹಿಡಿದು, ಒಂದೊಂದೇ ಹೆಜ್ಜೆ. ಹಿಂದೆ ಚನ್ನಯ್ಯ, ಝಣಝಣ ಸರಪಳಿ ಎಳೆಯುತ್ತ. ಅವನ ಹಿಂದೆ ಬಿಂದುಶ್ರೀ, ಸರಪಳಿಯ ಬಾಲ ಹಿಡಿದು.

"ಎಷ್ಟು ಕಡ್ಡಿ?"

"ಸೊನ್ನೆ ಅಪ್ಪ."

"ಬಡಗಲ ದಿಕ್ಕು, ನಲವತ್ತು ಕೊಂಡಿ, ಸೊನ್ನೆ," ಎಂದು ಚನ್ನಯ್ಯ ಗೋಡೆಯಿಂದ ಬಿಚ್ಚಿ ತಂದಿದ್ದ ಕ್ಯಾಲೆಂಡರಿನ ಹಿಂದೆ ಬರೆದುಕೊಂಡ.

ಮನೆಗಳ ಬಾಗಿಲು ಒಂದೊಂದಾಗಿ ತೆರೆದವು. ಸರಪಳಿಯ ಸದ್ದನ್ನು ಹದಿನಾರಿನವರು ಇಪ್ಪತ್ತು ವರ್ಷದಿಂದ ಕೇಳಿರಲಿಲ್ಲ. ಆದರೆ ಯಾರೂ ಮರೆತಿರಲಿಲ್ಲ. ಅದು ಬಂದಾಗಲೆಲ್ಲ ಯಾರದೋ ಜಮೀನು ಚಿಕ್ಕದಾಗುತ್ತಿತ್ತು. ಸರ್ಕಾರ ಚನ್ನಯ್ಯನನ್ನು ವಾಪಸ್ಸು ಕರೆಸಿಕೊಂಡಿದೆ, ಈಗ ಕಂಪ್ಯೂಟರಿನಲ್ಲೇ ಅಳೆಯುತ್ತಾರಂತೆ, ರಸ್ತೆ ಅಗಲ ಮಾಡುತ್ತಾರಂತೆ ಎಂಬ ಮಾತು ಬೀದಿಯ ಆ ತುದಿಯನ್ನು ಇವರಿಗಿಂತ ಮೊದಲೇ ಮುಟ್ಟಿತು. ಮರಿಸ್ವಾಮಿ ರಸ್ತೆಗೆ ಚಾಚಿಕೊಂಡಿದ್ದ ಬೆಂಚನ್ನು ಎರಡಡಿ ಒಳಕ್ಕೆ ಎಳೆದುಕೊಂಡು, ಬೆಂಚು ಅಲ್ಲೇ ಹುಟ್ಟಿತ್ತೆಂಬಂತೆ ಅದರ ಮೇಲೆ ಕೂತ. ಒಬ್ಬ ಹೆಂಗಸು ಓಡಿಹೋಗಿ ತನ್ನ ತಿಪ್ಪೆಗೆ ನಾಲ್ಕು ಕಲ್ಲು ನೆಟ್ಟು ಬಂದಳು.

ಪಂಚಾಯಿತಿಯ ಮಾಜಿ ಮೆಂಬರು ಪುಟ್ಟಬಸವಯ್ಯ ಮೇಲಿನ ಬೀದಿಯಿಂದ ಪಹಣಿಯ ಕಂತೆ ಹಿಡಿದು ಬಂದ. ಊರಿನ ಅರ್ಜಿಗಳನ್ನೆಲ್ಲ ಬರೆಯುವವನು ಅವನೇ. ಕಾನೂನನ್ನು ಅವನು ಓದಿರಲಿಲ್ಲ, ಆದರೆ ಕೇಳಿ ಬಾಯಿಪಾಠ ಮಾಡಿಕೊಂಡಿದ್ದ.

"ಚನ್ನಯ್ಯ, ನೋಟೀಸಿಲ್ದೆ ಅಳೆಯಂಗಿಲ್ಲ. ಯಾವ ಸರ್ವೆ ನಂಬರು?"

"ಜಮೀನಲ್ಲ ಕಣಯ್ಯ. ಸಿಗ್ನಲ್ ಅಳೀತಾ ಇವ್ನಿ."

"ಸಿಗ್ನಲ್ ಯಾರ ಖಾತೇಲದೆ?"

ಚನ್ನಯ್ಯನಿಗೂ ಇದು ಯೋಚಿಸಬೇಕಾದ ಪ್ರಶ್ನೆ ಅನ್ನಿಸಿ ಒಂದು ಕ್ಷಣ ನಿಂತ. ಸಂಘಮಿತ್ರಾ, "ಅಪ್ಪ, ಎರಡು ಗಂಟೆ," ಎಂದಳು. ಮತ್ತೆ ಸರಪಳಿ ಹೊರಟಿತು. ಪುಟ್ಟಬಸವಯ್ಯ ಅನುಮಾನ ಬಿಡದೆ ಹಿಂದೆ ನಡೆದ. ಅವನ ಹಿಂದೆ ಅರ್ಧ ಊರು ನಡೆಯಿತು.

ಮೂಡಲು ಸೊನ್ನೆ, ಪಡುವಲು ಸೊನ್ನೆ, ಬಡಗಲು ಸೊನ್ನೆ. ಉಳಿದದ್ದು ತೆಂಕಲು ಒಂದೇ, ಅಂದರೆ ಬೀರುವಿನ ತೂತು ನೋಡುತ್ತಿದ್ದ ಕಿಟಕಿಯ ಕಡೆ. ಆ ಕಡೆ ತಿರುಗುವಾಗ ಚನ್ನಯ್ಯನ ಹೆಜ್ಜೆ ನಿಧಾನವಾಯಿತು. ಕಿಟಕಿಯ ಗೋಡೆ ದಾಟಿ ಎರಡಡಿ ಅವನದೇ ನೆಲ. ಅಲ್ಲಿ ಒಂದು ಕಡ್ಡಿ ಎದ್ದಿತು. ಸಂಘಮಿತ್ರಾ ಲ್ಯಾಪ್‌ಟಾಪನ್ನು ಕೈಚಾಚಿ ಇನ್ನೂ ಮುಂದಕ್ಕೆ ಹಿಡಿದಳು. ಮೂರು ಕಡ್ಡಿ ಎದ್ದು ಗಟ್ಟಿಯಾಗಿ ನಿಂತವು.

ಅವಳ ಮುಖ ಅರಳಿತು, ಚನ್ನಯ್ಯನ ಮುಖ ಬಾಡಿತು. ಆ ಮೂರು ಕಡ್ಡಿ ಎದ್ದದ್ದು ತಕರಾರಿನ ಜಾಗದಲ್ಲಿ.

ಚನ್ನಯ್ಯನ ಹಿತ್ತಿಲಿಗೂ ಪಕ್ಕದ ಮಾದಯ್ಯನ ಅಂಗಳಕ್ಕೂ ನಡುವೆ ಒಂದೂವರೆ ಅಡಿ ಅಗಲ, ಇಪ್ಪತ್ತು ಅಡಿ ಉದ್ದದ ಒಂದು ಪಟ್ಟಿ. ಅದು ತನ್ನದೆಂದು ಚನ್ನಯ್ಯ, ತನ್ನದೆಂದು ಮಾದಯ್ಯ. ಹನ್ನೊಂದು ವರ್ಷದಿಂದ ನಂಜನಗೂಡು ಕೋರ್ಟಿನಲ್ಲಿ ಕೇಸು ನಡೆಯುತ್ತಿತ್ತು. ತೀರ್ಪಾಗುವವರೆಗೆ ಯಥಾಸ್ಥಿತಿ ಕಾಪಾಡತಕ್ಕದ್ದು, ಉಭಯ ಪಕ್ಷದವರಾಗಲಿ ಅವರ ವಾರಸುದಾರರಾಗಲಿ ಸದರಿ ನೆಲವನ್ನು ಪ್ರವೇಶಿಸಕೂಡದು ಎಂದು ಆದೇಶವಿತ್ತು. ಆದೇಶಕ್ಕೆ ತಲೆಕೆಡಿಸಿಕೊಳ್ಳದ ಒಂದು ಎಕ್ಕದ ಗಿಡ ಮಾತ್ರ ಅಲ್ಲಿ ಸುಖವಾಗಿ ಬೆಳೆದಿತ್ತು. ಚಿಕ್ಕಂದಿನಲ್ಲಿ ಒಟ್ಟಿಗೆ ಕಪಿಲೆಯಲ್ಲಿ ಈಜು ಕಲಿತಿದ್ದ ಚನ್ನಯ್ಯನಿಗೂ ಮಾದಯ್ಯನಿಗೂ ಅಂದಿನಿಂದ ಮಾತಿಲ್ಲ. ಕೋರ್ಟಿನ ವಾಯಿದೆಗೆ ಒಂದೇ ಬಸ್ಸಿನಲ್ಲಿ ಹೋಗುತ್ತಿದ್ದರು. ಒಬ್ಬ ಮುಂದಿನ ಬಾಗಿಲಲ್ಲಿ ಹತ್ತಿದರೆ ಇನ್ನೊಬ್ಬ ಹಿಂದಿನ ಬಾಗಿಲಲ್ಲಿ ಹತ್ತುತ್ತಿದ್ದ.

ಮಾದಯ್ಯ ಆಗಲೇ ಅಂಗಳದಲ್ಲಿ ನಿಂತಿದ್ದ. ಸರಪಳಿಯ ಸದ್ದು ಕೇಳಿದ ಕೂಡಲೇ ಕೋರ್ಟಿನ ಆದೇಶದ ನಕಲನ್ನು ಹುಡುಕಿ ಕೈಯಲ್ಲಿ ಹಿಡಿದುಕೊಂಡಿದ್ದ. ಮಾತು ಬಿಟ್ಟಿದ್ದರಿಂದ ಅವನು ಗೂಟಕ್ಕೆ ಕಟ್ಟಿದ್ದ ತನ್ನ ಹಸುವಿನ ಜೊತೆ ಮಾತಾಡಿದ.

"ನೋಡ್ದಾ ಗೌರಿ. ಕೋರ್ಟಲ್ಲಿ ಗೆಲ್ಲಕ್ಕಾಗ್ದೋರು ಮಿಷಿನ್ ತಂದವ್ರೆ. ಒಂದು ಕಾಲು ಇತ್ಲಾಗಿಡ್ಲಿ, ನಾಳೀಕೇ ಕೋರ್ಟು ಕಂಟೆಂಪ್ಟು."

ಚನ್ನಯ್ಯ ಪುಟ್ಟಬಸವಯ್ಯನ ಕಡೆ ತಿರುಗಿದ. "ಆ ಹಸೀಗೆ ಹೇಳು ಪುಟ್ಟಬಸವಯ್ಯ. ನಂಗೆ ಜಾಗ ಬ್ಯಾಡ. ಅಲ್ಲಿ ಸಿಗ್ನಲ್ ಅದೆ."

"ಹನ್ನೊಂದು ವರ್ಸದಿಂದ ಇಲ್ದಿರೋ ಸಿಗ್ನಲ್ಲು ಇವತ್ತು ಅಲ್ಲೇ ಯಾಕೆ ಬಂತು ಗೌರಿ? ತಂದು ಉಗ್ದವ್ರೆ."

ಹಸು ಯಾರ ಪಕ್ಷವನ್ನೂ ವಹಿಸಲಿಲ್ಲ. ಪುಟ್ಟಬಸವಯ್ಯ ಆದೇಶದ ನಕಲನ್ನು ತೆಗೆದುಕೊಂಡು ಊರಿಗೆಲ್ಲ ಕೇಳುವಂತೆ ಓದಿದ. ಸಂಘಮಿತ್ರಾ ವಾರಸುದಾರಳು, ಬಿಂದುಶ್ರೀ ವಾರಸುದಾರಳ ವಾರಸುದಾರಳು, ಇಬ್ಬರೂ ಕಾಲಿಡುವಂತಿಲ್ಲ ಎಂದು ತೀರ್ಮಾನಿಸಿದ. ಲ್ಯಾಪ್‌ಟಾಪನ್ನು ಮಾತ್ರ ಅಲ್ಲಿಟ್ಟು ದೂರದಿಂದ ಕೋಲಿನಲ್ಲಿ ಒತ್ತಬಹುದೆಂದು ಮರಿಸ್ವಾಮಿ ಒಂದು ಸಲಹೆ ಕೊಟ್ಟ. ಅದು ಪ್ರತಿನಿಧಿಯ ಮೂಲಕ ಪ್ರವೇಶವಾಗುತ್ತದೆ ಎಂದು ಪುಟ್ಟಬಸವಯ್ಯ ತಳ್ಳಿಹಾಕಿದ. ಗಂಟೆ ಮೂರೂ ಕಾಲಾಯಿತು.

ಈ ಗದ್ದಲದಲ್ಲಿ ಸಂಘಮಿತ್ರಾ ಅಂಗಳದ ಹಗ್ಗದ ಮಂಚದ ಮೇಲೆ ಕೂತಿದ್ದ ಮಾದಯ್ಯನ ತಾಯಿ ಚಿಕ್ಕಮಾದಮ್ಮನ ಕಡೆ ನೋಡಿದಳು. ಎಂಬತ್ತು ದಾಟಿದ ಮುದುಕಿ. ಕೇಸು ಶುರುವಾಗುವ ಮುಂಚೆ ಸಂಘಮಿತ್ರಾಳ ತಲೆ ಬಾಚುತ್ತಿದ್ದವಳು ಇವಳೇ.

"ಏನವ್ವ ಅದು, ಎಲ್ರೂ ಬಡ್ಕತಾವ್ರೆ?" ಎಂದು ಮುದುಕಿ ಕೇಳಿದಳು.

ಸಂಘಮಿತ್ರಾ ಗೆರೆಯ ಈಚೆಯಿಂದಲೇ ಹೇಳಿದಳು. ರಾಯಚೂರು, ಕವಲಂದೆ, ಐದು ಗಂಟೆ.

"ಕೂಸ ಬುಟ್ಟು ಎಷ್ಟು ವರ್ಸ ಆಯ್ತು?"

"ಮೂರು ವರ್ಷ ಅಜ್ಜಿ."

ಚಿಕ್ಕಮಾದಮ್ಮ ಬಾಯಲ್ಲಿದ್ದ ಎಲೆಯಡಿಕೆಯನ್ನು ಉಗಿದು ಬಂದಳು. "ಲೇ ಪುಟ್ಟಬಸವ, ಆ ಕೋರ್ಟು ನೆಲಕ್ಕೋ, ನೆಲದ ಮ್ಯಾಲಕ್ಕೋ?"

ಪುಟ್ಟಬಸವಯ್ಯ ಕಾಗದವನ್ನು ಎರಡು ಸಲ ಓದಿದ. "ನೆಲ ಅಂತ ಬರ್ದದೆ ಕನಜ್ಜಿ. ಮ್ಯಾಲಿಂದು ಬರ್ದಿಲ್ಲ."

ಎಲ್ಲರೂ ಚನ್ನಯ್ಯನ ಮುಖ ನೋಡಿದರು. ಇದು ಅವನ ಇಲಾಖೆಯ ಪ್ರಶ್ನೆ. ಅವನು ಸರಪಳಿಯನ್ನು ಕೆಳಗಿಟ್ಟು ಗಂಭೀರವಾಗಿ, "ಆಕಾಶಕ್ಕೆ ಸರ್ವೆ ನಂಬರಿಲ್ಲ. ಇರ್ನಿಲ್ಲ. ನಮ್ಮ ಕಚೇರೀಲಿ ಯಾವತ್ತೂ ಅಳ್ದಿಲ್ಲ," ಎಂದ.

"ಅಂಗಾದ್ರೆ ಈ ಮಂಚ ಎತ್ತಿ ಅಡ್ಡ ಆಕ್ರಲಾ," ಎಂದಳು ಮುದುಕಿ. "ಎರಡು ಕಾಲು ನಮ್ಮ ನೆಲದಲ್ಲಿ, ಎರಡು ಕಾಲು ಅವ್ರ ನೆಲದಲ್ಲಿ. ನಡುವೆ ಹೆಣ್ಮಗ ಕೂತ್ಕಳ್ಲಿ. ನೆಲ ಯಾರೂ ಮುಟ್ಟಾಕಿಲ್ಲ."

ಹನ್ನೊಂದು ವರ್ಷದಲ್ಲಿ ಇಬ್ಬರು ವಕೀಲರಿಗೆ ಹೊಳೆಯದಿದ್ದ ಪಾಯಿಂಟು ಇದು. ಪುಟ್ಟಬಸವಯ್ಯನಂತೂ ತನಗೇ ಹೊಳೆಯಬೇಕಾಗಿತ್ತು ಎಂಬ ಸಂಕಟದಿಂದ ಮುದುಕಿಯನ್ನು ನೋಡಿದ. ತಾಯಿಯ ಎದುರು ಮಾದಯ್ಯನ ಕಾನೂನು ನಡೆಯುತ್ತಿರಲಿಲ್ಲ. ಮಂಚದ ಒಂದು ತುದಿಯನ್ನು ಅವನು ಎತ್ತಿದ, ಇನ್ನೊಂದು ತುದಿಯನ್ನು ಗೆರೆಯ ಈಚೆಯಿಂದ ಚನ್ನಯ್ಯ ಹಿಡಿದುಕೊಂಡ. ಒಬ್ಬರ ಮುಖ ಒಬ್ಬರು ನೋಡದೆ ಎಕ್ಕದ ಗಿಡದ ಮೇಲಿಂದ ಮಂಚವನ್ನು ಅಡ್ಡ ಹಾಕಿದರು.

ಅಲ್ಲಿಗೆ ಮುಗಿಯಬೇಕಿತ್ತು. ಆದರೆ ಮಂಚ ತನ್ನ ಕಡೆಗೆ ನಾಲ್ಕು ಬೆರಳು ಹೆಚ್ಚು ಬಂದಿದೆ ಎಂದು ಮಾದಯ್ಯ ಹಸುವಿಗೆ ದೂರು ಹೇಳಿದ. ಅಂಥ ಮಾತನ್ನು ಚೈನ್‌ಮನ್ ಸಹಿಸುವುದುಂಟೇ? ಚನ್ನಯ್ಯ ಸರಪಳಿ ಬಿಚ್ಚಿ ಅಳೆದ. ಎರಡೂವರೆ ಬೆರಳು ಎಂದು ಪುಟ್ಟಬಸವಯ್ಯನಿಗೆ ಹೇಳಿದ. ಮೂರು ಎಂದು ಮಾದಯ್ಯ ಹಸುವಿಗೆ ಹೇಳಿದ. ಮಂಚವನ್ನು ಆ ಕಡೆಗೆ ಎಳೆದರು, ಈ ಕಡೆಗೆ ಎಳೆದರು. ಪುಟ್ಟಬಸವಯ್ಯ, ಮಂಚ ಹಾಕಿದ್ದರಿಂದ ಉಭಯ ಪಕ್ಷಕ್ಕೂ ಯಾವ ಹಕ್ಕೂ ಹುಟ್ಟುವುದಿಲ್ಲ ಎಂದು ಮಹಜರು ಬರೆಯಲು ಬಿಳಿ ಹಾಳೆ ಕೇಳಿದ. ನಾಲ್ಕು ಗಂಟೆ ಇಪ್ಪತ್ತು ನಿಮಿಷವಾಯಿತು.

"ಅಪ್ಪ, ಸಾಕು," ಎಂದಳು ಸಂಘಮಿತ್ರಾ. ಜೋರಾಗಿ ಹೇಳಲಿಲ್ಲ. "ಅಳೀಬೇಡಿ. ನಿಮಗೆ ಒಂದೂವರೆ ಅಡಿ ದೂರ. ನನಗೂ ನನ್ನ ಮಗೂಗೂ ಐನೂರು ಕಿಲೋಮೀಟರು. ಅದನ್ನ ಯಾರು ಅಳೀತೀರಿ?" ಅಷ್ಟು ಹೇಳಿ ಎಲ್ಲರ ಎದುರಿಗೇ ಅತ್ತುಬಿಟ್ಟಳು. ಈ ಸಲ ಮುಖ ತೊಳೆಯಲು ಎದ್ದು ಹೋಗಲಿಲ್ಲ.

ಚನ್ನಯ್ಯನಿಗೆ ಕೈಯಲ್ಲಿದ್ದ ಸರಪಳಿ ಎಲ್ಲಿಡುವುದೆಂದು ತಿಳಿಯಲಿಲ್ಲ. ತಾನು ಬೆಳಗಿನಿಂದ ಅಳೆದದ್ದೆಲ್ಲ ಬೇರೆ, ಅಳೆಯಬೇಕಾಗಿದ್ದದ್ದೇ ಬೇರೆ ಎಂದು ಅವನಿಗೆ ನಾಚಿಕೆಯಾಯಿತು. ಮಾದಯ್ಯ ಆದೇಶದ ನಕಲನ್ನು ಮಡಿಸಿ ಜೇಬಿಗಿಟ್ಟುಕೊಂಡು, ಮಂಚದ ಹಗ್ಗದ ಮೇಲೆ ತನ್ನ ಹೆಗಲ ಟವೆಲ್ಲನ್ನು ಹಾಸಿದ.

ಸಂಘಮಿತ್ರಾ ಹತ್ತಿ ಕೂತಳು. ಮೂರು ಕಡ್ಡಿ. ಪುಟ ನಿಧಾನವಾಗಿ ಇಳಿಯತೊಡಗಿತು. ಊರಿನವರು ಅದನ್ನು ನೋಡಲು ಕಿಟಕಿ ಮತ್ತು ಮಂಚದ ನಡುವೆ ನುಗ್ಗಿದರು. ಮೂರು ಕಡ್ಡಿ ಒಂದಾಯಿತು.

"ಎಲ್ಲಾ ದೂರ ನಿಂತ್ಕಳ್ರಲಾ," ಎಂದು ಮಾದಯ್ಯ ಗದರಿದ. "ಚನ್ನಯ್ಯನ ಮಗೀಗೆ ಸಿಗ್ನಲ್ ಬರಾಕೆ ದಾರಿ ಬುಡಿ."

ದಾರಿ ಬಿಟ್ಟರು. ಕಡ್ಡಿಗಳು ಮತ್ತೆ ಎದ್ದವು. ಪಟ್ಟಿ ಬಂತು. ಕವಲಂದೆ, ಖಾಲಿ ಹುದ್ದೆ ಒಂದು. ಸಂಘಮಿತ್ರಾ ಗುರುತು ಮಾಡಿ ಒತ್ತಿದಳು. ಒಂದು ದುಂಡನೆಯ ಚಕ್ರ ತಿರುಗತೊಡಗಿತು. ಅದು ತಿರುಗುತ್ತಿದ್ದಷ್ಟು ಹೊತ್ತೂ ಅರ್ಧ ಹದಿನಾರು ಉಸಿರು ಹಿಡಿದು ನಿಂತಿತ್ತು. ನಾಲ್ಕು ಗಂಟೆ ನಲವತ್ತೊಂಬತ್ತು ನಿಮಿಷಕ್ಕೆ ಚಕ್ರ ನಿಂತು, ಆಯ್ಕೆ ಸ್ವೀಕೃತವಾಗಿದೆ ಎಂಬ ಸಾಲು ಮೂಡಿತು.

ಮಾದಯ್ಯ ಹಸುವಿನ ಕಡೆ ತಿರುಗಲಿಲ್ಲ. ನೇರವಾಗಿ ಚನ್ನಯ್ಯನನ್ನು ನೋಡಿ, "ಆಯ್ತಾ?" ಎಂದ.

"ಆಯ್ತು ಕನ," ಎಂದ ಚನ್ನಯ್ಯ.

ಹನ್ನೊಂದು ವರ್ಷದ ಮೇಲೆ ಅವರಿಬ್ಬರು ಆಡಿದ ಮೊದಲ ಮಾತು ಅದು. ಐದೂ ಕಾಲಿಗೆ ಗೋವಿಂದಮ್ಮ ನರಸೀಪುರದಿಂದಲೇ ಆಟೋ ಮಾಡಿಸಿಕೊಂಡು, ಬೀಗದ ಕೈಯನ್ನು ಮುಷ್ಟಿಯಲ್ಲಿ ಹಿಡಿದು ಏದುಸಿರು ಬಿಡುತ್ತ ಓಡಿ ಬಂದಳು. ಅವಳ ಗಂಡ ಮಂಚದ ಈ ತುದಿಯಲ್ಲಿಯೂ, ಮಾದಯ್ಯ ಆ ತುದಿಯಲ್ಲಿಯೂ ಕೂತು ಮರಿಸ್ವಾಮಿ ತಂದ ಟೀ ಕುಡಿಯುತ್ತಿದ್ದರು. ನಡುವೆ ತಾಯಿಯ ತೊಡೆಯ ಮೇಲೆ ಬಿಂದುಶ್ರೀ ನಿದ್ದೆ ಮಾಡುತ್ತಿತ್ತು.

ಜುಲೈನಲ್ಲಿ ಸಂಘಮಿತ್ರಾ ಕವಲಂದೆ ಶಾಲೆಗೆ ಬಂದಳು. ಪೆಟ್ಟಿಗೆ ಮೇಜಿನ ಮೇಲೆ ಬಂತು, ಮನೆಯ ಮೂಲೆಮೂಲೆಯಲ್ಲೂ ಕಡ್ಡಿಗಳು ತುಂಬಿ ನಿಂತವು. ಮಂಚದ ಅಗತ್ಯ ಯಾರಿಗೂ ಉಳಿಯಲಿಲ್ಲ. ಆದರೆ ಅದನ್ನು ಎತ್ತುವುದು ಕಾನೂನಿನ ದೃಷ್ಟಿಯಲ್ಲಿ ಸುಲಭವಲ್ಲ ಎಂದು ಪುಟ್ಟಬಸವಯ್ಯ ಅಭಿಪ್ರಾಯಪಟ್ಟ. ಯಥಾಸ್ಥಿತಿ ಎಂದರೆ ಇದ್ದದ್ದು ಇದ್ದ ಹಾಗೆ. ಈಗ ಮಂಚವೂ ಇದ್ದದ್ದೇ. ಯಾರು ಮೊದಲು ಎತ್ತಿದರೆ ಅವರೇ ಆದೇಶ ಮೀರಿದಂತೆ. ಈ ಅಭಿಪ್ರಾಯವನ್ನು ಉಭಯ ಪಕ್ಷದವರೂ ಬಹಳ ಸಂತೋಷದಿಂದ ಒಪ್ಪಿಕೊಂಡರು. ಸಂಜೆಯಾದರೆ ಸಂಘಮಿತ್ರಾ ಅಲ್ಲೇ ಕೂತು ಮಗುವಿಗೆ ಅಕ್ಷರ ತಿದ್ದಿಸುತ್ತಿದ್ದಳು. ಇಬ್ಬರು ಮುದುಕರು ತಂತಮ್ಮ ನೆಲದ ಕಡೆಗೆ ಕಾಲು ಬಿಟ್ಟು ಕೂತು, ಅವಳಿಗೆ ಅಡ್ಡಿಯಾಗುವಷ್ಟು ಗಟ್ಟಿಯಾಗಿ ಹರಟುತ್ತಿದ್ದರು.

ಮಾರನೆಯ ವರ್ಷ ಕೋರ್ಟಿಗೆ ಹೊಸ ನ್ಯಾಯಾಧೀಶರು ಬಂದರು. ಹಳೆಯ ಫೈಲುಗಳ ಧೂಳು ಕೊಡವುತ್ತ ಈ ಕೇಸಿಗೆ ಬಂದು, ಒಂದೂವರೆ ಅಡಿಗೆ ಹನ್ನೆರಡು ವರ್ಷವೇ ಎಂದು ಬೇಸರಪಟ್ಟು, ಬರುವ ತಿಂಗಳು ತೀರ್ಪು ಕೊಟ್ಟುಬಿಡುವುದಾಗಿ ಹೇಳಿದರು. ವಕೀಲರಿಬ್ಬರೂ ಬಾಯಿ ತೆರೆಯುವ ಮುಂಚೆಯೇ ಚನ್ನಯ್ಯನೂ ಮಾದಯ್ಯನೂ ಒಟ್ಟಿಗೆ ಎದ್ದು ಕೈಮುಗಿದರು.

"ತೀರ್ಪು ಬ್ಯಾಡಿ ಸ್ವಾಮಿ," ಎಂದ ಚನ್ನಯ್ಯ.

"ಯಾಕಯ್ಯ? ಇಷ್ಟು ವರ್ಷ ಓಡಾಡಿದ್ದು ತೀರ್ಪಿಗೇ ಅಲ್ಲವೇ?"

ಚನ್ನಯ್ಯನಿಗೆ ಕೋರ್ಟಿನ ಭಾಷೆಯಲ್ಲಿ ಅದನ್ನು ಹೇಗೆ ಹೇಳಬೇಕೆಂದು ತೋಚಲಿಲ್ಲ. ಮಾದಯ್ಯನೇ ಹೇಳಿದ.

"ತೀರ್ಪಾದ್ರೆ ಆ ಜಾಗ ಯಾರ್ದಾರೂ ಒಬ್ರುದಾಗೋಯ್ತದೆ ಸ್ವಾಮಿ. ಆಮೇಲೆ ಇನ್ನೊಬ್ಬ ಎಲ್ಲಿ ಕೂತ್ಕಬೇಕು?"